ಒಳಗೆ ಬರಲಷ್ಟೇ ತೆರೆದ ಬಾಗಿಲು

ಇಸ್ಲಾಮ್ ಮತ್ತು ಬಲವಂತದ ಮತಾಂತರದ ಮಾತು ಬಂದಾಗಲೆಲ್ಲ ಚರ್ಚೆ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಧರ್ಮದ ವಿಷಯದಲ್ಲಿ ಬಲಾತ್ಕಾರ ಸಲ್ಲದು ಎಂದು ಕುರ್‌ಆನಿನ ಎರಡನೇ ಅಧ್ಯಾಯದ 256ನೇ ವಚನವೇ ಹೇಳಿದೆ, ಇನ್ನೇನು ಬೇಕು ಎನ್ನುವುದು ಒಂದು ಪಕ್ಷ. ಆ ವಚನ ತೋರಿಕೆಯದು, ಇತಿಹಾಸವೆಲ್ಲ ಕತ್ತಿಯದೇ ಎನ್ನುವುದು ಇನ್ನೊಂದು. ಆ ವಚನವನ್ನು ಕೊನೆತನಕ ಹಿಂಬಾಲಿಸುವ ಧೈರ್ಯ ಇಬ್ಬರಿಗೂ ಇಲ್ಲ ಎಂಬುದು ನನ್ನ ತಕರಾರು.

ಸಂಪ್ರದಾಯ ಅದಕ್ಕೆ ಕೊಡುವ ಹಿನ್ನೆಲೆ ಇದು: ಮದೀನಾದ ಕೆಲವು ಹೆಂಗಸರ ಮಕ್ಕಳು ಯಹೂದಿಗಳ ನಡುವೆ ಬೆಳೆದಿದ್ದರು. ಬನೂ ನಝೀರ್ ಕುಲವನ್ನು ಊರಿನಿಂದ ಹೊರಹಾಕಿದಾಗ ಈ ಮಕ್ಕಳೂ ಹೊರಡುವವರಾದರು. ಆ ಹೊತ್ತಿಗೆ ಮುಸ್ಲಿಮರಾಗಿದ್ದ ಹೆತ್ತವರು ಅವರನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ವಚನ ಬಂದದ್ದು ಆಗ. ಹೆತ್ತವರಿಗೇ ಇಲ್ಲದ ಹಕ್ಕು ದೊರೆಗೆ, ಕಾಜಿಗೆ, ಗುಂಪಿಗೆ ಎಲ್ಲಿಂದ ಬಂತು?

ಈ ತತ್ವ ನ್ಯಾಯಪೀಠದಲ್ಲೂ ಗೆದ್ದದ್ದುಂಟು. 12ನೇ ಶತಮಾನದ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಸ್ಪೇನಿನಲ್ಲಿ ಮುಸ್ಲಿಮನಾಗಿದ್ದವನು, ಈಜಿಪ್ಟಿಗೆ ಬಂದು ಮತ್ತೆ ಯಹೂದಿಯಾಗಿದ್ದಾನೆ ಎಂಬ ದೂರು ಬಂತಂತೆ. ಬಲವಂತದಿಂದ ಒಪ್ಪಿದ ಇಸ್ಲಾಮ್ ಇಸ್ಲಾಮೇ ಅಲ್ಲ ಎಂದು ಸಲಾದೀನನ ಮಂತ್ರಿ ಅಲ್-ಕಾದಿ ಅಲ್-ಫಾದಿಲ್ ಅದನ್ನು ತಳ್ಳಿಹಾಕಿದನೆಂದು ಇಬ್ನ್ ಅಲ್-ಕಿಫ್ತಿ ದಾಖಲಿಸಿದ್ದಾನೆ.

ಆದರೆ ಸ್ವಂತ ಮನಸ್ಸಿನಿಂದ ಹೊರಗೆ ಹೋಗುವವನ ಗತಿ? ಇಲ್ಲಿ ಶಾಸ್ತ್ರಕಾರರು ಬೇರೆ ದಾರಿ ಹಿಡಿದರು. ಹದೀಸ್‌ಗಳ ಆಧಾರದ ಮೇಲೆ, ಧರ್ಮ ತೊರೆದ ಗಂಡಸಿಗೆ ಮರಣದಂಡನೆ ಎಂದು ನಾಲ್ಕೂ ಸುನ್ನಿ ಪಂಥಗಳು ಹೇಳಿದವು. 20ನೇ ಶತಮಾನದಲ್ಲಿ ಮೌದೂದಿ ಇದಕ್ಕೆ ಕೊಟ್ಟ ಸಮರ್ಥನೆ: ಬನ್ನಿ ಎಂದು ನಾವು ಯಾರನ್ನೂ ಬಲವಂತ ಮಾಡುವುದಿಲ್ಲ, ಆದರೆ ವಾಪಸು ಹೋಗುವ ಬಾಗಿಲಿಲ್ಲ ಎಂದು ಮೊದಲೇ ತಿಳಿಸಿರುತ್ತೇವೆ. ತರ್ಕವೇನೋ ಚೆನ್ನಾಗಿದೆ. ಆದರೆ ಮುಸ್ಲಿಮರಲ್ಲಿ ಬಹುಪಾಲು ಜನ ಯಾವ ಬಾಗಿಲಿನಿಂದಲೂ ಒಳಗೆ ಬಂದವರಲ್ಲ, ಮನೆಯೊಳಗೇ ಹುಟ್ಟಿದವರು. ಅವರಿಗೆ ಮೊದಲೇ ತಿಳಿಸಿದವರು ಯಾರು? ಬಿಡಲಾಗದ್ದನ್ನು ಹಿಡಿದಿರುವುದು ನಂಬಿಕೆ ಹೇಗಾದೀತು?

ಈ ಬೀಗ ತಾನು ಹೊರಗೆ ಹೋಗುತ್ತೇನೆ ಎನ್ನದವನ ಮೇಲೂ ಬೀಳುತ್ತದೆ. ಕುರ್‌ಆನನ್ನು ಭಾಷೆ ಮತ್ತು ಸಾಹಿತ್ಯ ವಿಮರ್ಶೆಯ ಕಣ್ಣಿನಿಂದ ಓದಿದ ಕೈರೋದ ವಿದ್ವಾಂಸ ನಸ್ರ್ ಅಬೂ ಝೈದ್ ತಾನು ಮುಸ್ಲಿಮನೆಂದೇ ಹೇಳುತ್ತಿದ್ದರು. 1995ರಲ್ಲಿ ಈಜಿಪ್ಟಿನ ನ್ಯಾಯಾಲಯ ಅವರನ್ನು ಧರ್ಮಭ್ರಷ್ಟರೆಂದು ಸಾರಿ, ಅವರ ಮದುವೆಯನ್ನೇ ರದ್ದುಮಾಡಿತು. ಗಂಡಹೆಂಡಿರು ನೆದರ್ಲೆಂಡ್ಸಿಗೆ ಹೋಗಿ ನೆಲೆಸಬೇಕಾಯಿತು. ಸಾಹಿತ್ಯ ಓದುವ ನಾವು ಮರೆಯಬಾರದ ಪ್ರಕರಣವಿದು. ಇತ್ತ ಪಾಕಿಸ್ತಾನದ ಸಿಂಧ್‌ನಲ್ಲಿ ಹಿಂದೂ ಹುಡುಗಿಯರ ಮತಾಂತರದ ದೂರುಗಳ ನಡುವೆ, 18 ತುಂಬದವರ ಮತಾಂತರಕ್ಕೆ ಮಾನ್ಯತೆಯಿಲ್ಲ ಎಂಬ ಮಸೂದೆಯನ್ನು 2016ರಲ್ಲಿ ವಿಧಾನಸಭೆ ಒಪ್ಪಿತು. ಧಾರ್ಮಿಕ ಪಕ್ಷಗಳು ಬೀದಿಗಿಳಿದವು. ರಾಜ್ಯಪಾಲರ ಅಂಕಿತ ಬೀಳಲೇ ಇಲ್ಲ. 256ನೇ ವಚನವನ್ನು ಬಾಯಿಪಾಠ ಹೇಳುವವರು ಮೊದಲು ಉತ್ತರಿಸಬೇಕಾದದ್ದು ಇಲ್ಲಿ.

ಇಷ್ಟು ಓದಿ ಚಪ್ಪಾಳೆ ತಟ್ಟುತ್ತಿರುವವರಿಗೂ ಒಂದು ಮಾತಿದೆ. ಧರ್ಮ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ಕರ್ನಾಟಕದ 2022ರ ಮತಾಂತರ ಕಾಯ್ದೆ ವಿಧಿಸಿತು. ಅದನ್ನು ಕಚೇರಿಯ ಫಲಕಕ್ಕೆ ಹಾಕಿ ಆಕ್ಷೇಪಣೆ ಕೇಳಬೇಕು ಎಂದಿತು. ಹಿಂದಿನ ಧರ್ಮಕ್ಕೆ ಮರಳುವುದನ್ನು ಮಾತ್ರ ಅದು ಮತಾಂತರವೆಂದೇ ಎಣಿಸಲಿಲ್ಲ. ಒಂದೇ ಕಡೆ ತೆರೆಯುವ ಬಾಗಿಲನ್ನು ನಮ್ಮ ಬಡಗಿಗಳೂ ಮಾಡಬಲ್ಲರು. ಕರಾಚಿಯಲ್ಲಿ ಬೇಡವಾದದ್ದು ಬೆಂಗಳೂರಿನಲ್ಲಿ ಬೇಕು ಎನ್ನುವವರು ಸ್ವಾತಂತ್ರ್ಯದ ಪರ ಇಲ್ಲ, ತಮ್ಮ ತಲೆ ಎಣಿಕೆಯ ಪರ ಇದ್ದಾರೆ. ಆ ಮದೀನಾದ ಮಕ್ಕಳಿಗೆ ಸಿಕ್ಕಷ್ಟು ಅವಕಾಶ ಕೈರೋದ ಪ್ರಾಧ್ಯಾಪಕನಿಗೂ, ಸಿಂಧ್‌ನ ಹುಡುಗಿಗೂ, ನಮ್ಮೂರಿನ ಕೂಲಿಯವನಿಗೂ ಸಿಗಬೇಕು. ಇದರಲ್ಲಿ ಒಬ್ಬರನ್ನು ಕೈಬಿಟ್ಟರೂ ಉಳಿದವರ ಪರವಾಗಿ ಮಾತಾಡುವ ಅರ್ಹತೆ ನಮಗಿರುವುದಿಲ್ಲ.