ಐದನೆಯ ಗುಬ್ಬಚ್ಚಿಯ ಲೆಕ್ಕ ಇಡುವವರು ಯಾರು?

ಸೆಪ್ಟೆಂಬರ್ ತಿಂಗಳ ಒಂದು ಭಾನುವಾರ ಬಲಿಪೂಜೆಯ ಪ್ರಬೋಧನೆಯಲ್ಲಿ, ವಲಸೆ ಬರುವ ಪುಟ್ಟ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ದಾರಿಯನ್ನು ಅರಿಯುವ ಸ್ವಯಂಸೇವಕರ ಕುರಿತು ನಾಲ್ಕು ಮಾತು ಹೇಳಿದ್ದೆ. ಪೂಜೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ಬಾಗಿಲಲ್ಲಿ ತಡೆದು ಕೇಳಿದರು: "ಸ್ವಾಮಿ, ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ನಾವು ಸಾಲದಲ್ಲಿದ್ದೇವೆ. ಮನುಷ್ಯರಿಗೇ ಗತಿಯಿಲ್ಲದಿರುವಾಗ ದೇವಾಲಯದಲ್ಲಿ ಹಕ್ಕಿಯ ಸುದ್ದಿ ಯಾಕೆ?" ಪ್ರಶ್ನೆ ಪ್ರಾಮಾಣಿಕವಾದುದು. ಆದರೆ ಅದೇ ಮಾತನ್ನು ಹೊಟ್ಟೆ ತುಂಬಿದವರೂ ಹೇಳುವುದನ್ನು ಕೇಳಿದ್ದೇನೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಆ ಕೆಲಸವೇನೆಂದು ತಿಳಿಯೋಣ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್‌ಸೆನ್ ಎಂಬ ಶಾಲಾ ಶಿಕ್ಷಕರು ಕಬ್ಬಕ್ಕಿಗಳ ಕಾಲಿಗೆ ಸಂಖ್ಯೆ ಕೆತ್ತಿದ ಅಲ್ಯೂಮಿನಿಯಂ ಉಂಗುರ ತೊಡಿಸಿ ಹಾರಿಬಿಟ್ಟರು. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲಿ ಈ ಕಾರ್ಯವನ್ನು ಆರಂಭಿಸಿತು. ನವಿರಾದ ಬಲೆಯಲ್ಲಿ ಸಿಕ್ಕ ಹಕ್ಕಿಯನ್ನು ಮೃದುವಾಗಿ ಬಿಡಿಸಿ, ತೂಗಿ, ಅಳೆದು, ಉಂಗುರ ತೊಡಿಸಿ, ಕೆಲವೇ ನಿಮಿಷಗಳಲ್ಲಿ ಬಿಟ್ಟುಬಿಡುತ್ತಾರೆ. ಸೈಬೀರಿಯಾದ ಕಡೆಯಿಂದಲೂ ಹಿಮಾಲಯದಿಂದಲೂ ನಮ್ಮ ತೋಟಗಳಿಗೆ ಚಳಿಗಾಲ ಕಳೆಯಲು ಬರುವ ಹಸಿರು ಉಲಿಯಕ್ಕಿಯ ತೂಕ ಏಳೆಂಟು ಗ್ರಾಂ. ಒಂದು ರೂಪಾಯಿಯ ಎರಡು ನಾಣ್ಯಗಳಷ್ಟು. ಮುಂದೊಂದು ದಿನ ಮತ್ತೊಬ್ಬರ ಕೈಗೆ ಅದೇ ಉಂಗುರ ಸಿಕ್ಕಿದರೆ, ಆ ಎರಡು ನಾಣ್ಯದ ಜೀವ ಎಷ್ಟು ದೇಶಗಳನ್ನು ದಾಟಿತೆಂಬುದು ತಿಳಿಯುತ್ತದೆ. ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕೊರಳಪಟ್ಟಿ ಧರಿಸಿದ ಪಟ್ಟೆತಲೆ ಹೆಬ್ಬಾತುಗಳು ಕಂಡದ್ದರಿಂದಲೇ, ಅವು ಮಂಗೋಲಿಯಾದಿಂದ ಹಿಮಾಲಯವನ್ನು ದಾಟಿ ಬಂದವೆಂದು ನಮಗೆ ಖಚಿತವಾಯಿತು.

"ಇದರಿಂದ ಬಡವನಿಗೇನು ಲಾಭ?" 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಮನುಷ್ಯರೂ ಸತ್ತರು. ಆ ಕಾಯಿಲೆಯ ರೋಗಾಣು ರಷ್ಯಾದ ಒಂದು ರೋಗಾಣುವನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳೇ ಅದನ್ನು ತಂದವೇ ಎಂಬ ಶಂಕೆ ಎದ್ದಿತು. ಅದನ್ನು ಪರೀಕ್ಷಿಸಲೆಂದೇ ಸಲೀಂ ಅಲಿಯವರ ನೇತೃತ್ವದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ, ದೊಡ್ಡ ಪ್ರಮಾಣದಲ್ಲಿ ಉಂಗುರ ತೊಡಿಸುವ ಕಾರ್ಯ ನಡೆಯಿತು. ಶಂಕೆ ರುಜುವಾತಾಗಲಿಲ್ಲ. ಆದರೆ ಯಾವ ಪ್ರಶ್ನೆಯಿಂದ ಆ ಕಾರ್ಯ ಹುಟ್ಟಿತೆಂಬುದನ್ನು ಗಮನಿಸಿರಿ. ಮಲೆನಾಡಿನ ಕೂಲಿಕಾರನ ಜ್ವರ ಮತ್ತು ಹಕ್ಕಿಯ ಕಾಲಿನ ಉಂಗುರ ಒಂದೇ ಕಥೆಯ ಎರಡು ತುದಿಗಳು. ಮನುಷ್ಯ ಬೇಕೋ ಹಕ್ಕಿ ಬೇಕೋ ಎಂಬ ಪ್ರಶ್ನೆಯೇ ತಪ್ಪು.

"ಹಿಡಿಯುವುದು ಹಿಂಸೆಯಲ್ಲವೇ?" ತರಬೇತಿಯಿಲ್ಲದವನು ಹಿಡಿದರೆ ಖಂಡಿತ ಹಿಂಸೆಯೇ. ಅದಕ್ಕಾಗಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಅನುಮತಿಯಿಲ್ಲದೆ ಯಾರೂ ಹಕ್ಕಿಗೆ ಬಲೆ ಹಾಕುವಂತಿಲ್ಲ. ಇದನ್ನು ಓದಿ ಯಾವ ಯುವಕನೂ ಬಲೆ ಹಿಡಿದು ಹೊರಡಬಾರದು. ಆದರೆ ಬಲೆ ಹಾಕಿ ಬಿಟ್ಟುಬಿಡುವವನನ್ನು ಹಿಂಸಕನೆಂದು ಕರೆದು, ಬಲೆ ಹಾಕಿ ತಿನ್ನುವವನ ಮನೆಯಲ್ಲಿ ಊಟಕ್ಕೆ ಕೂರುವ ನಮ್ಮ ನ್ಯಾಯ ಎಂಥದು?

ಈಗ ನಮ್ಮ ಕಡೆಗೇ ಬೆರಳು ತಿರುಗಿಸೋಣ. ಹೊಳೆನರಸೀಪುರದ ಹೇಮಾವತಿ ದಂಡೆಗೆ ಈ ಶರತ್ಕಾಲದಲ್ಲಿ ಬೂದು ಸಿಪಿಲೆ ಬಂದು ಬಾಲ ಕುಣಿಸುತ್ತದೆ. ಅದರ ಸುತ್ತ ನಾವು ಎಸೆದ ಪ್ಲಾಸ್ಟಿಕ್ ತೇಲುತ್ತದೆ. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳು ಸೌದೆಯನ್ನು ನುಂಗುತ್ತಿವೆ. ಆ ಸೌದೆ ಒಂದು ಕಾಲಕ್ಕೆ ಯಾವುದೋ ಹಕ್ಕಿಯ ಕೊಂಬೆಯಾಗಿತ್ತು. ಚನ್ನರಾಯಪಟ್ಟಣದ ಕಡೆ ಕೆರೆಯಂಗಳದ ಜಾಲಿಯನ್ನು ಕಡಿಯುವಾಗ ಯಾರೂ ಮೇಲೆ ನೋಡುವುದಿಲ್ಲ. ಹಾಸನದಲ್ಲಿ ಮನೆಯ ಮುಂದಿನ ಮಣ್ಣಿಗೆಲ್ಲ ಇಂಟರ್‌ಲಾಕ್ ಇಟ್ಟಿಗೆ ಹಾಸುತ್ತೇವೆ. ನಾನೂ ಅಪರಾಧಿಯೇ. ಒಂದು ಧರ್ಮಕೇಂದ್ರದಲ್ಲಿ, ಹಬ್ಬದ ಪೆಂಡಾಲಿಗೆ ಅಡ್ಡವೆಂದು, ಎರಡು ಹೊಂಗೆಮರಗಳನ್ನು ನಾನೇ ಕಡಿಸಿದೆ. ಅದೇ ಹಬ್ಬದಂದು ಸಂತ ಅಸ್ಸಿಸಿಯ ಫ್ರಾನ್ಸಿಸರ ಬಗ್ಗೆ ಪ್ರಬೋಧನೆಯನ್ನೂ ಮಾಡಿದೆ! ಯಾರೂ ನಗಲಿಲ್ಲ. ನಗಬೇಕಿತ್ತು.

2015ರಲ್ಲಿ ವಿಶ್ವಗುರು ಫ್ರಾನ್ಸಿಸರು 'ಲೌದಾತೋ ಸಿ' ಪರಿಪತ್ರವನ್ನು ಹೊರಡಿಸಿದರು. ನಾವು ಅದರ ಬಗ್ಗೆ ವಿಚಾರ ಸಂಕಿರಣ ಮಾಡಿದೆವು, ಬ್ಯಾನರ್ ಕಟ್ಟಿದೆವು. ಬ್ಯಾನರ್ ಕೂಡ ಪ್ಲಾಸ್ಟಿಕ್ಕಿನದೇ. ಪ್ರವಾದಿ ಯೆರೆಮೀಯ ಅಂದೇ ಕುಟುಕಿದ್ದ: ಆಕಾಶದ ಹಕ್ಕಿಗಳಿಗೆ ತಮ್ಮ ಬರುವ ಹೋಗುವ ಕಾಲ ಗೊತ್ತು, ದೇವರ ಜನರಿಗೆ ಮಾತ್ರ ದೇವರ ನಿಯಮ ಗೊತ್ತಿಲ್ಲ ಎಂದು. ಆ ಮಾತು ಇಂದು ನಮ್ಮ ಮುಖಕ್ಕೇ ಹೇಳಿದಂತಿದೆ.

ಶೆಟ್ಟಿಹಳ್ಳಿಯನ್ನು ನೆನೆಯಿರಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಜಪಸರ ಮಾತೆಯ ದೇವಾಲಯ, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ವಿಶ್ವಾಸಿಗಳ ಮನೆಗಳೂ ಮುಳುಗಿದವು. ಮರಳಿ ಹೋದರೆ ಮನೆಯಿಲ್ಲ ಎಂಬ ಸಂಕಟ ನಮ್ಮ ಕುಟುಂಬಗಳಿಗೆ ಪುಸ್ತಕದಿಂದ ತಿಳಿದುದಲ್ಲ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿ ತನ್ನ ಹಳೆಯ ಮರವನ್ನು ಕಾಣದೆ ಸುತ್ತುವುದನ್ನು ಬೇರೆ ಯಾರಿಗೆ ಅರ್ಥವಾಗದಿದ್ದರೂ ನಮಗೆ ಅರ್ಥವಾಗಬೇಕು.

ಪ್ರಭು ಯೇಸುವಿನ ಲೆಕ್ಕವನ್ನೂ ನೋಡಿರಿ. ಸಂತ ಮತ್ತಾಯರ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಚ್ಚಿ; ಸಂತ ಲೂಕರಲ್ಲಿ ಎರಡು ಕಾಸಿಗೆ ಐದು. ಅಂದರೆ ಐದನೆಯದು ಕೊಸರು. ಅದಕ್ಕೆ ಸಂತೆಯಲ್ಲಿ ಬೆಲೆಯೇ ಇಲ್ಲ. ಆ ಬೆಲೆಯಿಲ್ಲದ್ದನ್ನೂ ದೇವರು ಮರೆಯುವುದಿಲ್ಲ ಎಂಬುದೇ ನಮ್ಮ ವಿಶ್ವಾಸ. ಬಡ ರೈತನ ಕೊನೆಯ ಆಸರೆಯೂ ಇದೇ ಮಾತು. ಸಂತೆಯಲ್ಲಿ ಬೆಲೆ ಕಳೆದುಕೊಂಡವನನ್ನು ಮರೆಯದ ದೇವರು. ಐದನೆಯ ಗುಬ್ಬಚ್ಚಿಯನ್ನು ಲೆಕ್ಕದಿಂದ ಹೊಡೆದುಹಾಕಿದ ಸಮಾಜ ನಾಳೆ ಆ ರೈತನನ್ನೂ ಹೊಡೆದುಹಾಕುತ್ತದೆ.

ಹಾಗಾದರೆ ಮಾಡಬೇಕಾದುದೇನು? ಉಂಗುರ ತೊಡಿಸುವುದನ್ನು ಬಲ್ಲವರಿಗೆ ಬಿಡೋಣ. ಎಣಿಸುವುದನ್ನು ನಾವು ಕಲಿಯೋಣ. ಪ್ರತಿ ಜನವರಿಯಲ್ಲಿ ಏಷ್ಯಾದಾದ್ಯಂತ ಸ್ವಯಂಸೇವಕರು ನೀರುಹಕ್ಕಿಗಳನ್ನು ಎಣಿಸುತ್ತಾರೆ. ಧರ್ಮೋಪದೇಶ ತರಗತಿಯ ಮಕ್ಕಳನ್ನು ಅವರೊಡನೆ ನಮ್ಮ ಊರ ಕೆರೆಗೆ ಕಳುಹಿಸೋಣ. ಧರ್ಮಕೇಂದ್ರದ ಆವರಣದಲ್ಲಿ ಒಂದು ಮರವನ್ನು ಕಡಿಯುವ ಮುನ್ನ ಪಾಲನಾ ಸಮಿತಿಯ ನಿರ್ಣಯ ಕಡ್ಡಾಯವಾಗಲಿ. ಗುರುಗಳ ಒಬ್ಬರ ಮಾತು ಸಾಲದು, ಅದಕ್ಕೆ ನಾನೇ ಸಾಕ್ಷಿ. ಹಬ್ಬದ ಪಟಾಕಿಯ ಹಣದಲ್ಲಿ ಹೊಂಗೆ, ಆಲ, ಅತ್ತಿ ನೆಡೋಣ.

ಆ ಹಿರಿಯ ರೈತರಿಗೆ ನನ್ನ ಉತ್ತರ ಇಷ್ಟೇ: ಹಕ್ಕಿಗಳು ಅಂಗಮಾರಿಯನ್ನು ಗುಣಪಡಿಸುವುದಿಲ್ಲ, ನಿಮ್ಮ ಸಾಲವನ್ನೂ ತೀರಿಸುವುದಿಲ್ಲ. ನಿಮ್ಮ ಸಾಲದ ಬಗ್ಗೆ ಮಾತನಾಡದ ದೇವಾಲಯ ಹಕ್ಕಿಯ ಬಗ್ಗೆ ಮಾತನಾಡಲು ಅರ್ಹವಲ್ಲ, ಒಪ್ಪಿದೆ. ಆದರೆ ಎರಡು ನಾಣ್ಯದ ತೂಕದ ಜೀವವನ್ನು ಕೈಯಲ್ಲಿ ಹಿಡಿದು, ಅದಕ್ಕೊಂದು ಸಂಖ್ಯೆ ಕೊಟ್ಟು, ಬದುಕಿ ಬಾ ಎಂದು ಹಾರಿಬಿಡುವವನು ನಿಮ್ಮನ್ನು ಮರೆತವನಲ್ಲ. ಮರೆತವರು ಬೇರೆಯವರು. ಅವರ ಸಾಲಿನಲ್ಲಿ ನಾವು ನಿಲ್ಲದಿರೋಣ.