ಕೋಚ್ ತಲೆದಂಡದಿಂದ ತಂಡ ಗೆಲ್ಲುವುದಿಲ್ಲ

ನಾಲ್ಕು ಪಂದ್ಯ ಸೋತರೆ ಸಾಕು, ಫುಟ್‌ಬಾಲ್ ಕೋಚ್‌ನ ತಲೆದಂಡ ಕೇಳುವವರು ಎದ್ದು ನಿಲ್ಲುತ್ತಾರೆ. ಸೀಸನ್ ನಡುವೆಯೇ ಬದಲಾಯಿಸಿ, ತಂಡ ಉಳಿಯುತ್ತದೆ ಎಂಬುದು ಅವರ ಖಚಿತ ನಂಬಿಕೆ. ಅದಕ್ಕೆ ಅವರು ಕೊಡುವ ಕಾರಣಗಳನ್ನು ಒಂದೊಂದಾಗಿ ಓದುಗರ ಮುಂದಿಡುತ್ತೇನೆ. ತೂಗಿ ನೋಡುವ ಕೆಲಸ ಓದುಗರದು.

ಹೊಸಬ ಬಂದ ಕೂಡಲೇ ಫಲಿತಾಂಶ ಸುಧಾರಿಸುತ್ತದೆ, ಇದು ಕಣ್ಣಾರೆ ಕಂಡ ಸತ್ಯ ಎನ್ನುತ್ತಾರೆ. ಕಂಡಿದ್ದು ಸುಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಎವರ್ಟನ್‌ನ ಹೊಸ ಮ್ಯಾನೇಜರ್ ಶಾನ್ ಡೈಚ್ ಮೊದಲ ಪಂದ್ಯದಲ್ಲೇ ಅಗ್ರಸ್ಥಾನದಲ್ಲಿದ್ದ ಆರ್ಸೆನಲ್ ತಂಡವನ್ನು 1-0ಯಿಂದ ಮಣಿಸಿದರು. ಆದರೆ ಹಳಬರನ್ನು ತೆಗೆಯುವುದು ಯಾವಾಗ? ತಂಡ ತನ್ನ ಯೋಗ್ಯತೆಗಿಂತಲೂ ಕೆಳಗೆ ಕುಸಿದಾಗ. ಮುಖ್ಯ ಸ್ಟ್ರೈಕರ್‌ಗೆ ಗಾಯ, ಕಂಬಕ್ಕೆ ಬಡಿದು ವಾಪಸ್ ಬಂದ ಚೆಂಡು, ಕೊನೇ ನಿಮಿಷದಲ್ಲಿ ಎದುರಾಳಿಗೆ ಸಿಕ್ಕ ಪೆನಾಲ್ಟಿ, ಎಲ್ಲವೂ ಒಟ್ಟಿಗೆ ಬಂದು ಕಾಡಿದ ಮೇಲೆ. ಇಂಥ ದುರದೃಷ್ಟ ಸೀಸನ್ ಪೂರ್ತಿ ಇರುವುದಿಲ್ಲ. ಬೆಂಚಿನ ಮೇಲೆ ಯಾರೇ ಕೂತಿದ್ದರೂ ತಂಡ ಒಂದಿಷ್ಟು ಮೇಲೇಳುತ್ತದೆ. ಹಾಗಾದರೆ ನಿಜವಾದ ಪರೀಕ್ಷೆ ಯಾವುದು? ಅಷ್ಟೇ ಕುಸಿದೂ ಕೋಚ್‌ನನ್ನು ಉಳಿಸಿಕೊಂಡ ತಂಡಗಳ ಜೊತೆ ಹೋಲಿಸಬೇಕು. ಡಚ್ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಇದನ್ನೇ ಮಾಡಿದರು. ನೆದರ್ಲೆಂಡ್ಸ್ ಲೀಗ್‌ನ 1986ರಿಂದ 2004ರವರೆಗಿನ ದಾಖಲೆ ತೆಗೆದು ನೋಡಿದರೆ, ವಜಾ ಮಾಡಿದ ತಂಡಗಳು ಚೇತರಿಸಿಕೊಂಡಿದ್ದವು; ವಜಾ ಮಾಡದ ತಂಡಗಳೂ ಹಾಗೆಯೇ ಚೇತರಿಸಿಕೊಂಡಿದ್ದವು. ಜ್ವರ ತಾನಾಗಿ ಇಳಿಯುವ ದಿನ ಕಟ್ಟಿದ ತಾಯಿತಕ್ಕೆ ಗುಣವಾದ ಕೀರ್ತಿ ಕೊಡುವುದನ್ನು ಸಾಕ್ಷ್ಯ ಎನ್ನಲಾಗದು.

ಆಗ ಅವರು ದೊಡ್ಡ ಹೆಸರುಗಳನ್ನು ತರುತ್ತಾರೆ. 2012ರಲ್ಲಿ ಚೆಲ್ಸಿಗೆ ಡಿ ಮ್ಯಾಟಿಯೊ, 2016ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಜಿದಾನ್, ಇಬ್ಬರೂ ನಡುವೆ ಬಂದು ಚಾಂಪಿಯನ್ಸ್ ಲೀಗ್ ಗೆದ್ದವರು. ಸರಿ, ಆದರೆ ಚರ್ಚೆ ಮುಳುಗುತ್ತಿರುವ ತಂಡಗಳದ್ದು. ರೊನಾಲ್ಡೊ, ಮೊಡ್ರಿಚ್, ರಾಮೋಸ್ ಆಡುತ್ತಿದ್ದ ರಿಯಲ್ ಮ್ಯಾಡ್ರಿಡ್ ಯಾವ ಕೋನದಿಂದ ಮುಳುಗುವ ತಂಡ? ಅವರ ಬಳಿ ಗಟ್ಟಿಯಾಗಿರುವುದು ಆ್ಯಸ್ಟನ್ ವಿಲ್ಲಾದ ಉದಾಹರಣೆ ಒಂದೇ. 2022ರ ಅಕ್ಟೋಬರ್‌ನಲ್ಲಿ ಜೆರಾರ್ಡ್ ಹೋದರು, ಉನಾಯ್ ಎಮೆರಿ ಬಂದರು, ತಂಡ ಏಳನೇ ಸ್ಥಾನದಲ್ಲಿ ಸೀಸನ್ ಮುಗಿಸಿತು. ಒಪ್ಪಿದೆ. ಆದರೆ ಅದೇ ಸೀಸನ್‌ನಲ್ಲಿ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿದ ಮೂರು ತಂಡಗಳು ಯಾವುವು? ಲೆಸ್ಟರ್, ಲೀಡ್ಸ್, ಸೌತಾಂಪ್ಟನ್. ಮೂರೂ ನಡುವೆ ಮ್ಯಾನೇಜರ್ ಬದಲಾಯಿಸಿದ ತಂಡಗಳೇ. ಅತ್ತ ಸ್ಟೀವ್ ಕೂಪರ್ ಅವರನ್ನು ತಳದಲ್ಲಿದ್ದಾಗಲೂ ಕೈಬಿಡದೆ, ಅಕ್ಟೋಬರ್‌ನಲ್ಲಿ ಹೊಸ ಒಪ್ಪಂದ ಕೊಟ್ಟ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಉಳಿಯಿತು. ಬದಲಾಯಿಸಿದವರಲ್ಲಿ ಎವರ್ಟನ್, ಬೋರ್ನ್‌ಮತ್ ಉಳಿದವು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಉಳಿದವರಲ್ಲೂ ಮುಳುಗಿದವರಲ್ಲೂ ಬದಲಾವಣೆ ಕಾಣುತ್ತಿದೆ ಎಂದಾದರೆ, ಉಳಿದದ್ದಕ್ಕೆ ಅದನ್ನೇ ಕಾರಣವೆನ್ನಲು ಆಧಾರವೇನು?

ಇಲ್ಲಿ ಸಿಕ್ಕಿಬಿದ್ದಾಗ ಅವರು ತೆಗೆಯುವ ಮಾತು: ತಡವಾಗಿ ಬದಲಾಯಿಸಿದ್ದರಿಂದ ಸೋತರು. ತಡ ಎಂದರೆ ಯಾವ ತಿಂಗಳು? ಲೆಸ್ಟರ್ ಬ್ರೆಂಡನ್ ರಾಜರ್ಸ್ ಅವರನ್ನು ಬಿಟ್ಟದ್ದು ಏಪ್ರಿಲ್‌ನಲ್ಲಿ. ಅದು ತಡ ಎನ್ನೋಣ. ಲೀಡ್ಸ್ ಫೆಬ್ರುವರಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಇನ್ನೊಮ್ಮೆ ಬದಲಾಯಿಸಿತು. ಕೊನೆಗೆ ಬಂದ ಅಲರ್ಡೈಸ್‌ಗೆ ನಾಲ್ಕು ಪಂದ್ಯದಲ್ಲಿ ದಕ್ಕಿದ್ದು ಒಂದೇ ಅಂಕ. ಸೌತಾಂಪ್ಟನ್ ನವೆಂಬರ್‌ನಲ್ಲೇ ಬದಲಾಯಿಸಿತ್ತು. ಕತಾರ್ ವಿಶ್ವಕಪ್‌ಗೆಂದು ಲೀಗ್ ನಿಂತಿದ್ದ ವಾರಗಳು ಎಮೆರಿಗೆ ಸಿಕ್ಕಂತೆ ಅಲ್ಲಿನ ಹೊಸ ಮ್ಯಾನೇಜರ್ ನೇಥನ್ ಜೋನ್ಸ್‌ಗೂ ಸಿಕ್ಕವು. ಫೆಬ್ರುವರಿಯಲ್ಲಿ ಅವರನ್ನೂ ತೆಗೆದು, 25 ಅಂಕಗಳೊಂದಿಗೆ ತಂಡ ಕಟ್ಟಕಡೆಯ ಸ್ಥಾನಕ್ಕೆ ಹೋಯಿತು. ಗೆದ್ದರೆ ಬದಲಾವಣೆಯ ಫಲ, ಸೋತರೆ ತಡವಾದ ಫಲ! ಎರಡು ಕಡೆಯೂ ಗೆಲ್ಲುವ ಹಾಗೆ ಕಟ್ಟಿಕೊಂಡ ವಾದಕ್ಕೆ ಪುರಾವೆಯ ಹಂಗೇ ಇರುವುದಿಲ್ಲ.

ಆಟಗಾರರು ಕೋಚ್ ಮಾತು ಕೇಳುತ್ತಿಲ್ಲ, ಡ್ರೆಸ್ಸಿಂಗ್ ರೂಮ್ ಕೈತಪ್ಪಿದೆ ಎಂಬುದು ಇನ್ನೊಂದು ದೂರು. ಲೆಸ್ಟರ್‌ನಲ್ಲೇ ನೋಡಿ. 2016ರಲ್ಲಿ ಲೀಗ್ ಗೆಲ್ಲಿಸಿಕೊಟ್ಟ ರನಿಯೇರಿಯನ್ನು ಒಂಬತ್ತೇ ತಿಂಗಳಿಗೆ ಹೊರಗೆ ಹಾಕಿದರು. ಸಹಾಯಕ ಕೋಚ್ ಕ್ರೇಗ್ ಶೇಕ್ಸ್‌ಪಿಯರ್ ಕೈಗೆ ತಂಡ ಬಂತು, ಮೊದಲ ಐದೂ ಲೀಗ್ ಪಂದ್ಯ ಗೆದ್ದರು. ಇದು ಅವರ ಪ್ರಿಯ ಸಾಕ್ಷಿ. ಆದರೆ ಸೋಲುತ್ತಿದ್ದಾಗಲೂ ಆ ಶೇಕ್ಸ್‌ಪಿಯರ್ ಅಲ್ಲೇ ಇದ್ದರು, ಅದೇ ಆಟಗಾರರಿಗೆ ಅದೇ ತರಬೇತಿ ಕೊಡುತ್ತಿದ್ದರು. ಮುಂದಿನ ಅಕ್ಟೋಬರ್‌ಗೆ ಅವರನ್ನೂ ವಜಾ ಮಾಡಿದರು. ಅಂದರೆ ಎಂಟು ತಿಂಗಳೊಳಗೆ ಡ್ರೆಸ್ಸಿಂಗ್ ರೂಮ್ ಎರಡು ಸಲ ಕೈತಪ್ಪಿತೇ? ಅಥವಾ ತಪ್ಪು ಬೇರೆಲ್ಲೋ ಇತ್ತೇ? ಇದೇ ಕ್ಲಬ್ 2014-15ರಲ್ಲಿ ಕ್ರಿಸ್ಮಸ್ ಹೊತ್ತಿಗೆ ತಳದಲ್ಲಿತ್ತು; ನೈಜಲ್ ಪಿಯರ್ಸನ್ ಅವರನ್ನು ಸೀಸನ್ ಮುಗಿಯುವವರೆಗೂ ಉಳಿಸಿಕೊಂಡು, ಕೊನೆಯ ಒಂಬತ್ತರಲ್ಲಿ ಏಳು ಗೆದ್ದು 14ನೇ ಸ್ಥಾನಕ್ಕೆ ಏರಿತ್ತು. ಈ ಸಾಲನ್ನು ಅವರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಇನ್ನು ನಮ್ಮ ಕಂಠೀರವಕ್ಕೆ ಬರೋಣ. ಬೆಂಗಳೂರು ಎಫ್‌ಸಿಯಲ್ಲಿ ಗ್ರೇಸನ್ ಹೋಗಿ ಸರಗೋಸಾ ಬಂದದ್ದರಿಂದಲೇ ತಂಡ 2025ರ ಐಎಸ್‌ಎಲ್ ಫೈನಲ್ ತಲುಪಿತು ಎನ್ನುವವರಿದ್ದಾರೆ. ಈ ವಾದದಲ್ಲಿ ಒಂದು ಇಡೀ ಸೀಸನ್ ಮಾಯವಾಗಿದೆ. ಬದಲಾವಣೆ ನಡೆದದ್ದು 2023ರ ಡಿಸೆಂಬರ್‌ನಲ್ಲಿ, ಆ ಸೀಸನ್ ಮುಗಿದದ್ದು ಹನ್ನೆರಡು ತಂಡಗಳಲ್ಲಿ ಹತ್ತನೇ ಸ್ಥಾನದೊಂದಿಗೆ. ಸರಗೋಸಾ ಅಸಮರ್ಥರಾಗಿದ್ದರೇ? ಖಂಡಿತ ಅಲ್ಲ. ರಾಯ್ ಕೃಷ್ಣ, ಝಿಂಗನ್, ಉದಾಂತ ಬಿಟ್ಟುಹೋಗಿದ್ದ, ಇನ್ನೊಬ್ಬರ ಯೋಜನೆಗೆ ಕಟ್ಟಿದ್ದ ತಂಡ ಅವರ ಕೈಗೆ ಸಿಕ್ಕಿತ್ತು. ಅವರು ಗೆಲ್ಲತೊಡಗಿದ್ದು ಬೇಸಿಗೆಯಲ್ಲಿ ನೊಗೆರಾ, ಪೆರೇರಾ ಡಿಯಾಜ್, ಭೆಕೆ ಬಂದು, ಪೂರ್ಣ ತಯಾರಿ ಶಿಬಿರ ಮುಗಿದ ಮೇಲೆ. ನಲವತ್ತರ ಛೆಟ್ರಿ ಆ ಸಲ 14 ಗೋಲು ಹೊಡೆದರು. ಇದರಿಂದ ಗೆಲ್ಲುವ ವಾದ ನನ್ನದು: ಬದಲಾಯಿಸಲೇಬೇಕಿದ್ದರೆ ಸೀಸನ್ ಮುಗಿದ ಮೇಲೆ ಬದಲಾಯಿಸಿ. ಗ್ರೇಸನ್ ಅವರ ಮೊದಲ ಸೀಸನ್, 2022-23ರಲ್ಲೂ ತಂಡ ಅಂಕಪಟ್ಟಿಯ ಕೆಳಗೆ ಒದ್ದಾಡುತ್ತಿತ್ತು. ಆಗ ಅವರನ್ನು ಉಳಿಸಿಕೊಂಡರು. ತಂಡ ಲೀಗ್‌ನ ಕೊನೆಯ ಎಂಟೂ ಪಂದ್ಯ ಗೆದ್ದು, ಫೈನಲ್‌ನಲ್ಲಿ ಪೆನಾಲ್ಟಿ ಶೂಟೌಟ್‌ವರೆಗೆ ಹೋಯಿತು. ಅದೇ ಕ್ಲಬ್, ಅದೇ ಕೋಚ್. ಇದಕ್ಕಿಂತ ನೇರವಾದ ಹೋಲಿಕೆ ಬೇಕೇ?

ಇಪ್ಪತ್ತೈದು ಆಟಗಾರರನ್ನು ನಡುವೆ ಬದಲಾಯಿಸಲಾಗದು, ಆದ್ದರಿಂದ ಒಬ್ಬನನ್ನು ಬದಲಾಯಿಸಬೇಕು ಎಂಬುದು ಕೊನೆಯ ವಾದ. ಅದರಿಂದ ಒಂದು ಅಂಕ ಹೆಚ್ಚು ಬರುತ್ತದೆ ಎಂದು ಇದು ಹೇಳುವುದೇ ಇಲ್ಲ. ಯಾವುದು ಸುಲಭ ಎಂದಷ್ಟೇ ಹೇಳುತ್ತದೆ. ಶನಿವಾರ ಪಂದ್ಯ, ಭಾನುವಾರ ದಣಿವಾರಿಸಿಕೊಳ್ಳುವುದು, ಸೋಮವಾರ ಪ್ರಯಾಣ, ಬುಧವಾರ ಮತ್ತೆ ಪಂದ್ಯ. ಹೊಸ ಕೋಚ್ ತನ್ನ ಪದ್ಧತಿ ಕಲಿಸಲು ಉಳಿದದ್ದು ಮಂಗಳವಾರದ ಒಂದು ತರಬೇತಿ. ಸೋತ ಆಟಗಾರರನ್ನು ಆರಿಸಿ ಕೊಂಡವರು, ಬೇಕಾದವರನ್ನು ಬಿಟ್ಟುಕೊಟ್ಟವರು ಬಹುಪಾಲು ಕ್ಲಬ್‌ಗಳಲ್ಲಿ ಆಡಳಿತದವರು. ವಜಾ ಪ್ರಕಟಣೆ ಹೊರಬಿದ್ದ ದಿನ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ.