ಸಾರಥಿಯ ಚಿತ್ತ

ರಥವನ್ನು ನಡೆಸುವವನಿಗೆ ಕೈ, ಕಣ್ಣು, ಚಿತ್ತ ಈ ಮೂರೂ ಸ್ವಾಧೀನದಲ್ಲಿರಬೇಕು. ಕುದುರೆಗಳ ಸ್ಥಾನಕ್ಕೆ ಯಂತ್ರವು ಬಂದರೂ ಈ ನಿಯಮವು ಬದಲಾಗಿಲ್ಲ.

ಇಂದಿನ ಕಾರುಗಳಲ್ಲಿ ಮಾತನ್ನು ಕೇಳಿ ಕೆಲಸಮಾಡುವ ಸಾಧನಗಳಿವೆ. 2007ರಲ್ಲಿ ಅಮೆರಿಕದ ಫೋರ್ಡ್ ಸಂಸ್ಥೆಯು ಮೈಕ್ರೋಸಾಫ್ಟ್ ಸಂಸ್ಥೆಯ ನೆರವಿನಿಂದ ‘ಸಿಂಕ್’ ಎಂಬ ಇಂತಹ ಏರ್ಪಾಡನ್ನು ಬಳಕೆಗೆ ತಂದಿತು. ಅನಂತರ 2014ರಲ್ಲಿ ಆಪಲ್ ಸಂಸ್ಥೆಯ ‘ಕಾರ್‌ಪ್ಲೇ’, 2015ರಲ್ಲಿ ಗೂಗಲ್ ಸಂಸ್ಥೆಯ ‘ಆಂಡ್ರಾಯ್ಡ್ ಆಟೋ’ ಬಂದವು. ಚಾಲಕನು ಊರಿನ ಹೆಸರನ್ನು ಹೇಳಿದರೆ ಯಂತ್ರವು ದಾರಿಯನ್ನು ತಿಳಿಸುತ್ತದೆ. ಸ್ನೇಹಿತನ ಹೆಸರನ್ನು ಹೇಳಿದರೆ ದೂರವಾಣಿ ಕರೆ ಮಾಡುತ್ತದೆ. ಬಂದ ಸಂದೇಶವನ್ನು ಓದಿ ಹೇಳುತ್ತದೆ. ಕೈ ಸ್ಟಿಯರಿಂಗ್ ಚಕ್ರದ ಮೇಲೆ, ಕಣ್ಣು ರಸ್ತೆಯ ಮೇಲೆ ಉಳಿಯಲು ಇದು ನೆರವಾಗುತ್ತದೆ. ಒಂದು ಕೈಯಲ್ಲಿ ಫೋನನ್ನು ಹಿಡಿದು ಬೆರಳಿನಿಂದ ತಡಕಾಡುವುದಕ್ಕಿಂತ ಇದು ಮೇಲೆಂಬುದನ್ನು ಒಪ್ಪಲೇಬೇಕು.

ಆದರೆ ಚಿತ್ತವೆಲ್ಲಿದೆ? ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಮನೋವಿಜ್ಞಾನಿ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು ಈ ಪ್ರಶ್ನೆಯನ್ನು ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಅವರ ಅಧ್ಯಯನದಂತೆ, ಮಾತಿನ ಆಜ್ಞೆಯು ಮುಗಿದ ಮೇಲೂ ಚಾಲಕನ ಗಮನವು ಪೂರ್ಣವಾಗಿ ಮರಳಲು ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಹಿಡಿಯುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಅಷ್ಟರಲ್ಲಿ 300 ಮೀಟರ್ ದೂರ ಸಾಗಿರುತ್ತದೆ. ಆ ದೂರದೊಳಗೆ ಶಾಲೆ ಬಿಟ್ಟು ಬರುವ ಮಗುವೊಂದು ರಸ್ತೆಯನ್ನು ದಾಟುತ್ತಿರಬಹುದು. ಕಣ್ಣು ಅದರ ಮೇಲೆ ಬಿದ್ದರೂ ಮನಸ್ಸು ಅದನ್ನು ಕಾಣದೆ ಹೋಗಬಹುದು.

ಪಕ್ಕದಲ್ಲಿ ಕುಳಿತವರೊಡನೆ ಚಾಲಕನು ಮಾತನಾಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಪಕ್ಕದಲ್ಲಿರುವವನು ತಾನೂ ರಸ್ತೆಯನ್ನು ನೋಡುತ್ತಿರುತ್ತಾನೆ. ಎದುರಿಗೆ ಲಾರಿಯು ಬಂದರೆ ಮಾತನ್ನು ನಿಲ್ಲಿಸುತ್ತಾನೆ. ತಿರುವು ಬಂದರೆ ಎಚ್ಚರಿಸುತ್ತಾನೆ. ದೂರವಾಣಿಯ ಆ ತುದಿಯಲ್ಲಿರುವವನಿಗೆ ಇದಾವುದೂ ಕಾಣದು. ಯಂತ್ರವಂತೂ ಹೇಳಿದ ಹೆಸರನ್ನು ತಪ್ಪಾಗಿ ಗ್ರಹಿಸಿ, ಚಾಲಕನು ಅದನ್ನೇ ಮತ್ತೆ ಮತ್ತೆ ಹೇಳುವಂತೆ ಮಾಡುವುದೂ ಉಂಟು.

ನಮ್ಮ ದೇಶದ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯು, ವಾಹನ ನಡೆಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನದ ಬಳಕೆಯನ್ನು ಅಪಾಯಕರ ಚಾಲನೆಯೊಳಗೆ ಸೇರಿಸಿದೆ. ಕಾನೂನು ಕೈಯನ್ನು ತಡೆಯಬಲ್ಲದು. ಚಿತ್ತವನ್ನು ಚಾಲಕನೇ ಕಾಯ್ದುಕೊಳ್ಳಬೇಕು. ಹೊರಡುವ ಮೊದಲೇ ದಾರಿಯನ್ನು ಗೊತ್ತುಮಾಡಿಕೊಳ್ಳುವುದು, ಮಾತು ಅನಿವಾರ್ಯವಾದರೆ ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸುವುದು, ಇವು ಕಷ್ಟದ ನಿಯಮಗಳಲ್ಲ. ಉತ್ತರಕ್ಕಾಗಿ ಸಂದೇಶವು ಕಾಯಬಲ್ಲದು. ರಸ್ತೆ ದಾಟುವ ಮಗುವಿಗೆ ಆ ಅವಕಾಶವಿಲ್ಲ.